ಗಾಜು ಹೋಯಿತು, ಹಾಳೆ ಬಂತು

ಆಯುಧಪೂಜೆಯ ಮುನ್ನಾದಿನ ಟೀವಿಗೂ ಅಭ್ಯಂಜನ ಮಾಡಿಸುವ ಪದ್ಧತಿ ನಮ್ಮ ಮನೆಗಳಲ್ಲಿದೆ. ಬಕೆಟ್ಟಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಕಿಟಕಿ, ಫ್ಯಾನು, ಫ್ರಿಜ್ಜು, ಮಿಕ್ಸಿಗಳ ಮೇಲೆಲ್ಲ ಓಡಾಡಿ ಕೊನೆಗೆ ಟೀವಿಯ ಮುಖಕ್ಕೆ ಬರುತ್ತದೆ. ಆಮೇಲೆ ಅರಿಸಿನ, ಕುಂಕುಮ, ಒಂದು ಸೇವಂತಿಗೆ ಹೂವು. ಹಬ್ಬ ಕಳೆದು ವಾರದೊಳಗೆ ಕೆಲವರ ಮನೆಯ ಟೀವಿಯಲ್ಲಿ ಕೆಳ ಅಂಚಿನಿಂದ ಮೇಲಿನವರೆಗೆ ಹಸಿರೋ ಕೆಂಪೋ ಒಂದು ಗೆರೆ ಕಾಣಿಸಿಕೊಳ್ಳುತ್ತದೆ. ಮರುದಿನ ಎರಡು ಗೆರೆ. ರಿಪೇರಿಯವನು ಬಂದು ನೋಡಿ, ‘ಪ್ಯಾನೆಲ್ ಹೋಗಿದೆ ಸಾರ್’ ಎಂದು ಹೇಳಿ, ಅದರ ಬೆಲೆಯನ್ನೂ ಹೇಳುತ್ತಾನೆ. ಅದಕ್ಕೆ ಇನ್ನಷ್ಟು ಸೇರಿಸಿದರೆ ಹೊಸ ಟೀವಿಯೇ ಬರುತ್ತದೆ. ವಾರಂಟಿ ಕಾರ್ಡು ತೆಗೆದು ನೋಡಿದರೆ, ನೀರು ಹೋದದ್ದಕ್ಕೂ ಪೆಟ್ಟು ಬಿದ್ದದ್ದಕ್ಕೂ ಕಂಪೆನಿ ಹೊಣೆಯಲ್ಲ ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ.

ಒಂದು ಹಿಂಡಿದ ಬಟ್ಟೆ ಇಷ್ಟೆಲ್ಲ ಮಾಡೀತೇ? ಮಾಡುತ್ತದೆ. ಈಗಿನ ಪರದೆಯ ಅಂಚಿನಲ್ಲಿ, ಪ್ಲಾಸ್ಟಿಕ್ ಚೌಕಟ್ಟಿನ ಮರೆಯಲ್ಲಿ, ಕೂದಲಿಗಿಂತ ತೆಳುವಾದ ತಾಮ್ರದ ಎಳೆಗಳಿರುವ ಪಟ್ಟಿಗಳನ್ನು ಗಾಜಿಗೆ ಅಂಟಿಸಿರುತ್ತಾರೆ. ಪರದೆಯ ಪ್ರತಿ ಕಂಬಸಾಲಿಗೆ, ಅಡ್ಡಸಾಲಿಗೆ ಅಪ್ಪಣೆ ಹೋಗುವುದು ಈ ಎಳೆಗಳ ಮೂಲಕ. ಪರದೆಯ ಮೇಲೆ ಒರೆಸಿದ ನೀರು ಕೆಳಕ್ಕೆ ಇಳಿದು ಚೌಕಟ್ಟಿನ ಸಂದಿಯಲ್ಲಿ ಸೇರುತ್ತದೆ. ನಮ್ಮ ಬೋರ್‌ವೆಲ್ ನೀರಿನಲ್ಲಿ ಉಪ್ಪು, ಸುಣ್ಣ ಬೇಕಾದಷ್ಟಿದೆ. ಕರೆಂಟು ಹರಿಯುವ ತಾಮ್ರಕ್ಕೆ ಉಪ್ಪುನೀರು ತಾಕಿದರೆ ಅದು ಸವೆಯುತ್ತದೆ. ಒಂದು ಎಳೆ ಸತ್ತರೆ ಒಂದು ಗೆರೆ, ಅಷ್ಟೇ ಲೆಕ್ಕ.

ಹಾಗಿದ್ದರೆ ನಮ್ಮ ಅಜ್ಜಿ ಇಪ್ಪತ್ತು ವರ್ಷ ಒದ್ದೆ ಬಟ್ಟೆಯಲ್ಲೇ ಒರೆಸಿದರಲ್ಲ, ಆ ಟೀವಿಗೆ ಏನೂ ಆಗಲಿಲ್ಲವಲ್ಲ ಎಂದು ಕೇಳಬಹುದು. ಆಗಲಿಲ್ಲ, ನಿಜ. ಏಕೆಂದರೆ ಆಗ ಅಜ್ಜಿ ಒರೆಸುತ್ತಿದ್ದದ್ದು ದಪ್ಪ ಗಾಜನ್ನು. ಈಗ ನಾವು ಒರೆಸುತ್ತಿರುವುದು ಗಾಜಿನ ಮೇಲೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನು. ಟೀವಿ ಬದಲಾಗಿದೆ, ನಮ್ಮ ಕೈಯ ಅಭ್ಯಾಸ ಮಾತ್ರ ಬದಲಾಗಿಲ್ಲ.

ಆ ಹಳೆಯ ಡಬ್ಬಿಯ ವಿಚಾರ ಸ್ವಲ್ಪ ನೋಡೋಣ. 1897ರಲ್ಲಿ ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್ ರೂಪಿಸಿದ ನಳಿಕೆಯ ವಂಶಜ ಅದು. ಒಳಗೆಲ್ಲ ನಿರ್ವಾತ. ಹಿಂದಿನ ಕುತ್ತಿಗೆಯಿಂದ ಹೊರಟ ಇಲೆಕ್ಟ್ರಾನುಗಳು ಸುಮಾರು 25 ಸಾವಿರ ವೋಲ್ಟಿನ ಸೆಳೆತಕ್ಕೆ ಸಿಕ್ಕಿ ಮುಂದಿನ ಗಾಜಿನ ಒಳಮೈಗೆ ಬಡಿಯುತ್ತಿದ್ದವು. ಅಲ್ಲಿ ಬಳಿದಿದ್ದ ಕೆಂಪು, ಹಸಿರು, ನೀಲಿ ಫಾಸ್ಫರ್ ಚುಕ್ಕೆಗಳು ಹೊಳೆಯುತ್ತಿದ್ದವು. ಹೊರಗಿನ ಗಾಳಿಯ ಒತ್ತಡಕ್ಕೆ ಒಡೆಯದಿರಲೆಂದೂ ಒಳಗೆ ಹುಟ್ಟುವ ಕ್ಷಕಿರಣ ಹೊರಬಾರದಿರಲೆಂದೂ ಗಾಜನ್ನು ದಪ್ಪವಾಗಿ ಮಾಡುತ್ತಿದ್ದರು. ಅದಕ್ಕೇ 29 ಇಂಚಿನ ಟೀವಿ ಎತ್ತಲು ಇಬ್ಬರು ಗಂಡಸರು ಬೇಕಾಗುತ್ತಿತ್ತು. ನೆತ್ತಿಯ ಮೇಲೆ ಕಸೂತಿ ಬಟ್ಟೆ, ಅದರ ಮೇಲೆ ಹೂದಾನಿ ಅಥವಾ ಚನ್ನಪಟ್ಟಣದ ಗೊಂಬೆ, ಮುಂದೆ ಬೀಗ ಹಾಕುವ ಮರದ ಶಟರು. ಚಿತ್ರ ನಡುಗಿದರೆ ಪಕ್ಕಕ್ಕೆ ಒಂದು ಏಟು. ಎಲ್ಲವನ್ನೂ ಅದು ತಡೆದುಕೊಂಡಿತು. ಅದರ ಪರದೆಗಿದ್ದ ಒಂದೇ ಭಯ ಅಯಸ್ಕಾಂತದ್ದು. ಸ್ಪೀಕರು ತಂದು ಪಕ್ಕಕ್ಕಿಟ್ಟರೆ ಮೂಲೆಯಲ್ಲಿ ನೇರಳೆ ಕಲೆ ಮೂಡುತ್ತಿತ್ತು. ಹೇಗೂ ಪ್ರಸ್ತಾಪ ಬಂತಲ್ಲ, ಹೇಳಿಬಿಡುತ್ತೇನೆ: ಬೆಂಗಳೂರಿನವರಿಗೆ ಟೀವಿ ಬಂದದ್ದು 1981ರಲ್ಲಿ. ಆದರೆ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಯ ಜನ 1975-76ರ ಉಪಗ್ರಹ ಪ್ರಯೋಗದಲ್ಲೇ ಶಾಲೆಯ ಜಗುಲಿಯಂಥ ಕಡೆ ಕೂತು ಅದನ್ನು ನೋಡಿ ಆಗಿತ್ತು. ರಾಜಧಾನಿಯವರು ಇದನ್ನು ನೆನಪಿಸಿಕೊಳ್ಳುವುದು ಕಡಿಮೆ.

ಈಗ ಅಂಗಡಿಗೆ ಹೋದರೆ ಎಲ್‌ಸಿಡಿ, ಎಲ್‌ಇಡಿ, ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿ, ಓಎಲ್‌ಇಡಿ ಎಂಬ ಅಕ್ಷರಗಳ ಸಂತೆ. ಕಾಲೇಜು ಮುಗಿಸಿ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗ ಇವನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ, ‘ಯಾವುದು ಕೊಡ್ಲಿ ಅಂಕಲ್?’ ಎನ್ನುತ್ತಾನೆ. ಇಷ್ಟು ಅಕ್ಷರಗಳ ನಡುವೆ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಬೆಳಕು ಹುಟ್ಟುವುದು ಎಲ್ಲಿ? ಪರದೆಯ ಚುಕ್ಕೆ ತಾನೇ ದೀಪವೋ, ಅಥವಾ ಹಿಂದೆ ಎಲ್ಲೋ ಇರುವ ದೀಪಕ್ಕೆ ಅದು ಬರೀ ಕಿಟಕಿಯೋ? ಯಾವುದಕ್ಕೆ ಎಷ್ಟು ಹಣ ಕೊಡಬೇಕು, ಯಾವುದು ಹೇಗೆ ಕೆಡುತ್ತದೆ, ಹೇಗೆ ಕಾಪಾಡಿಕೊಳ್ಳಬೇಕು ಎಂಬುದೆಲ್ಲ ಈ ಒಂದು ಉತ್ತರದಲ್ಲಿದೆ.

ನಮ್ಮಲ್ಲಿ ಮಾರಾಟವಾಗುವ ಟೀವಿಗಳಲ್ಲಿ ಹೆಚ್ಚಿನವು ಕಿಟಕಿಯ ಜಾತಿಯವು. ಎರಡು ತೆಳು ಗಾಜುಗಳ ನಡುವೆ ದ್ರವಸ್ಫಟಿಕದ ಪದರ, ಆಚೀಚೆ ಬೆಳಕನ್ನು ಸೋಸುವ ಪೋಲರೈಸರ್ ಎಂಬ ಹಾಳೆ. ವಿದ್ಯುತ್ತಿನ ಅಪ್ಪಣೆಗೆ ತಕ್ಕಂತೆ ಸ್ಫಟಿಕದ ಅಣುಗಳು ಹೊರಳುತ್ತವೆ. ಒಂದು ಕಡೆ ಹೊರಳಿದರೆ ಬೆಳಕು ದಾಟುತ್ತದೆ, ಇನ್ನೊಂದು ಕಡೆ ಹೊರಳಿದರೆ ತಡೆಯುತ್ತದೆ. ಅಣುಗಳು ತಾವಾಗಿ ಮಿಣುಕುವುದಿಲ್ಲ. ಪೋಲರಾಯ್ಡ್ ತಂಪು ಕನ್ನಡಕ ಇದ್ದರೆ ಹಾಕಿಕೊಂಡು ಟೀವಿಯ ಮುಂದೆ ತಲೆ ವಾಲಿಸಿ ನೋಡಿ. ಯಾವುದೋ ಒಂದು ಓರೆಯಲ್ಲಿ ಚಿತ್ರವೇ ಕಪ್ಪಾಗಿಬಿಡುತ್ತದೆ. ಪೋಲರೈಸರ್ ಹಾಳೆಯ ಗುಟ್ಟು ಅದು.

ದ್ರವಸ್ಫಟಿಕವನ್ನು 1888ರಲ್ಲಿ ಮೊದಲು ಗಮನಿಸಿದವನು ಆಸ್ಟ್ರಿಯಾದ ಸಸ್ಯವಿಜ್ಞಾನಿ ಫ್ರೀಡ್ರಿಷ್ ರೈನಿಟ್ಜರ್. ಕರಗಿಯೂ ಪೂರ್ತಿ ನೀರಾಗದ, ನೀರಿನಂತೆ ಹರಿದರೂ ಸ್ಫಟಿಕದ ಗುಣ ಬಿಡದ ವಿಚಿತ್ರ ವಸ್ತು. ಇದರಲ್ಲಿ ಬೆಂಗಳೂರಿನ ಪಾಲೂ ಇದೆ. ಅದು ಇಲ್ಲಿಯವರಿಗೇ ಹೆಚ್ಚು ಗೊತ್ತಿಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸಿ, ಅನಂತರ ರಾಮನ್ ಸಂಶೋಧನಾ ಸಂಸ್ಥೆಗೆ ಬಂದ ಎಸ್. ಚಂದ್ರಶೇಖರ್ (ನೊಬೆಲ್ ಪಡೆದ ಖಗೋಳ ವಿಜ್ಞಾನಿ ಚಂದ್ರಶೇಖರ್ ಬೇರೆ, ಇಬ್ಬರೂ ಸಿ.ವಿ. ರಾಮನ್ ಅವರ ಸಂಬಂಧಿಕರೇ) ತಮ್ಮ ಸಹೋದ್ಯೋಗಿಗಳಾದ ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರೊಂದಿಗೆ 1977ರಲ್ಲಿ ಹೊಸ ಬಗೆಯ ದ್ರವಸ್ಫಟಿಕವನ್ನು ತೋರಿಸಿಕೊಟ್ಟರು. ಅಲ್ಲಿಯವರೆಗೆ ಗೊತ್ತಿದ್ದವುಗಳ ಅಣು ಕಡ್ಡಿಯಂತಿತ್ತು. ಇವರು ಕಂಡದ್ದರ ಅಣು ಬಿಲ್ಲೆಯಂತಿತ್ತು, ಒಂದರ ಮೇಲೊಂದು ನಾಣ್ಯ ಪೇರಿಸಿದ ಹಾಗೆ. ಮುಂದೆ ಜಪಾನಿನವರು ಬಿಲ್ಲೆ ಅಣುಗಳ ಹಾಳೆಯೊಂದನ್ನು ಮಾಡಿ ಎಲ್‌ಸಿಡಿ ಪರದೆಗೆ ಅಂಟಿಸಿದರು. ಎದುರಿಗೆ ಕೂತವರಿಗೆ ಮಾತ್ರ ಸರಿಯಾಗಿ ಕಾಣುತ್ತಿದ್ದ ಚಿತ್ರ ಪಕ್ಕದಲ್ಲಿ ಕೂತವರಿಗೂ ಕಾಣತೊಡಗಿತು.

ಇನ್ನು ಎಲ್‌ಇಡಿ ಟೀವಿ. ಈ ಹೆಸರಿನಲ್ಲಿ ಸ್ವಲ್ಪ ಜಾಣತನವಿದೆ. ಎಲ್‌ಇಡಿ ಟೀವಿ ಎಂದರೆ ಎಲ್‌ಸಿಡಿ ಟೀವಿಯೇ. ಮೊದಲು ಪರದೆಯ ಹಿಂದೆ ಪಾದರಸ ತುಂಬಿದ ತೆಳು ಟ್ಯೂಬ್‌ಲೈಟುಗಳಿದ್ದವು. 2009ರ ಸುಮಾರಿಗೆ ಅವುಗಳ ಜಾಗದಲ್ಲಿ ಎಲ್‌ಇಡಿ ದೀಪಗಳನ್ನು ಇಟ್ಟು ಪೆಟ್ಟಿಗೆಯ ಮೇಲೆ ಹೊಸ ಹೆಸರು ಬರೆದರು. ದೀಪ ಬದಲಾಯಿತು, ಕಿಟಕಿ ಅದೇ. ಕ್ಯೂಎಲ್‌ಇಡಿಯೂ ಹಾಗೆಯೇ: ನೀಲಿ ದೀಪದ ಮುಂದೆ ಅತಿಸೂಕ್ಷ್ಮ ಕಣಗಳ ಒಂದು ಹಾಳೆ. ಆ ಕಣಗಳು ನೀಲಿಯನ್ನು ನುಂಗಿ ಶುದ್ಧವಾದ ಕೆಂಪು, ಹಸಿರು ಉಗುಳುತ್ತವೆ. ಈ ಕ್ವಾಂಟಮ್ ಚುಕ್ಕೆಗಳ ಕೆಲಸಕ್ಕೆ 2023ರ ರಸಾಯನಶಾಸ್ತ್ರದ ನೊಬೆಲ್ ಬಂತು. ಬಣ್ಣ ನಿಜಕ್ಕೂ ಚೆನ್ನ. ಆದರೆ ಹೆಸರಿನ ಮುಂದಿನ ‘ಕ್ಯೂ’ ನೋಡಿ ಅದು ಓಎಲ್‌ಇಡಿಯ ದಾಯಾದಿ ಎಂದುಕೊಳ್ಳಬೇಡಿ. ಮಿನಿ ಎಲ್‌ಇಡಿಯಲ್ಲಿ ಹಿಂದಿನ ದೀಪಗಳು ಸಾವಿರಾರು, ಸಣ್ಣವು, ಗುಂಪು ಗುಂಪಾಗಿ ಆರುತ್ತವೆ ಉರಿಯುತ್ತವೆ.

ಕಿಟಕಿ ಜಾತಿಯ ದೌರ್ಬಲ್ಯ ಕಪ್ಪು. ಎಷ್ಟು ಭದ್ರವಾಗಿ ಮುಚ್ಚಿದರೂ ಸಂದಿಯಲ್ಲಿ ಬೆಳಕು ಸೋರುತ್ತದೆ. ರಾತ್ರಿಯ ಕಾಡಿನ ದೃಶ್ಯ ಬೂದಿ ಬೂದಿ. ಇದರಲ್ಲೂ ಎರಡು ಪಂಗಡವಿದೆ. ಐಪಿಎಸ್ ಎಂಬ ಪ್ಯಾನೆಲ್ಲಿನಲ್ಲಿ ಕಪ್ಪು ಸಾಧಾರಣ, ಆದರೆ ದಿವಾನದ ಮೂಲೆಯಲ್ಲಿ ಕೂತ ಅಜ್ಜನಿಗೂ ಬಣ್ಣ ಸರಿಯಾಗಿ ಕಾಣುತ್ತದೆ. ವಿಎ ಎಂಬುದರಲ್ಲಿ ಕಪ್ಪು ಅದಕ್ಕಿಂತ ಮೂರು ನಾಲ್ಕು ಪಟ್ಟು ಗಾಢ, ಆದರೆ ಪಕ್ಕಕ್ಕೆ ಸರಿದರೆ ಚಿತ್ರ ಬಿಳಿಚಿಕೊಳ್ಳುತ್ತದೆ. ಪೆಟ್ಟಿಗೆಯ ಮೇಲೆ ಇದನ್ನು ಬರೆಯುವವರು ಕಡಿಮೆ. ಅಂಗಡಿಯಲ್ಲಿ ನೀವೇ ಪಕ್ಕಕ್ಕೆ ನಾಲ್ಕು ಹೆಜ್ಜೆ ನಡೆದು ನೋಡಿ, ಗೊತ್ತಾಗುತ್ತದೆ.

ಈ ಜಾತಿಯ ಟೀವಿ ಸಾಮಾನ್ಯವಾಗಿ ಹೇಗೆ ಕೆಡುತ್ತದೆ ಎಂಬುದು ನಿಮ್ಮ ಕಿಸೆಗೆ ಸಂಬಂಧಿಸಿದ ವಿಷಯ. ಒಂದು ದಿನ ಧ್ವನಿ ಬರುತ್ತದೆ, ಚಿತ್ರ ಇಲ್ಲ. ಗಾಬರಿಯಾಗಬೇಡಿ. ಕೋಣೆ ಕತ್ತಲೆ ಮಾಡಿ, ಟಾರ್ಚನ್ನು ಪರದೆಯ ಹತ್ತಿರ ಓರೆಯಾಗಿ ಹಿಡಿದು ನೋಡಿ. ಆ ಬೆಳಕಿನಲ್ಲಿ ಮಸುಕಾಗಿ ಧಾರಾವಾಹಿಯ ಅತ್ತೆಯ ಮುಖ ಕಂಡರೆ ಪ್ಯಾನೆಲ್ಲು ಬದುಕಿದೆ ಎಂದು ಅರ್ಥ. ಹೋಗಿರುವುದು ಹಿಂದಿನ ದೀಪ, ಅಥವಾ ಅದಕ್ಕೆ ಕರೆಂಟು ಕೊಡುವ ಭಾಗ. ದೀಪಗಳು ಹೂಮಾಲೆಯಂತೆ ಸಾಲಾಗಿ ಜೋಡಣೆಯಾಗಿರುವುದರಿಂದ ಒಂದು ಸತ್ತರೆ ಸಾಲೇ ಆರುತ್ತದೆ. ಆ ಪಟ್ಟಿ ಬದಲಾಯಿಸುವ ಖರ್ಚು ಪ್ಯಾನೆಲ್ಲಿನ ಖರ್ಚಿನ ಒಂದು ಸಣ್ಣ ಪಾಲು ಮಾತ್ರ. ‘ಪ್ಯಾನೆಲ್ ಹೋಗಿದೆ, ಹೊಸದು ತಗೊಳ್ಳಿ’ ಎಂಬ ಮಾತು ಕೇಳಿ ಒಳ್ಳೆಯ ಟೀವಿಯನ್ನು ಗುಜರಿಗೆ ಹಾಕಿದವರು ಎಷ್ಟೋ ಜನ. ಟಾರ್ಚಿನ ಪರೀಕ್ಷೆ ಮಾಡಿಯೇ ರಿಪೇರಿಯವನನ್ನು ಕರೆಯಿರಿ, ಅವನೂ ಸ್ವಲ್ಪ ಎಚ್ಚರದಿಂದ ಮಾತಾಡುತ್ತಾನೆ.

ಈ ದೀಪಗಳ ಆಯುಷ್ಯವನ್ನು ತಿನ್ನುವುದು ಬಿಸಿ. ಅಂಗಡಿಯಲ್ಲಿ ನೂರು ಟ್ಯೂಬ್‌ಲೈಟುಗಳ ನಡುವೆ ಎದ್ದು ಕಾಣಲೆಂದು ಟೀವಿಯನ್ನು ‘ವಿವಿಡ್’ ಅಥವಾ ‘ಡೈನಮಿಕ್’ ಎಂಬ ಕಣ್ಣು ಕುಕ್ಕುವ ಸ್ಥಿತಿಯಲ್ಲಿ ಇಟ್ಟಿರುತ್ತಾರೆ. ಮನೆಗೆ ಬಂದ ಮೇಲೂ ಅದನ್ನು ಹಾಗೆಯೇ ಬಿಟ್ಟವರು ಬಹಳ. ಸೆಟ್ಟಿಂಗ್‌ಗೆ ಹೋಗಿ ‘ಸ್ಟ್ಯಾಂಡರ್ಡ್’ ಅಥವಾ ‘ಸಿನಿಮಾ’ ಮಾಡಿ, ಬ್ಯಾಕ್‌ಲೈಟ್ ಎಂಬುದನ್ನು ಪೂರ್ತಿಯಿಂದ ಅರ್ಧದ ಆಸುಪಾಸಿಗೆ ಇಳಿಸಿ. ಎರಡು ದಿನ ಮಂಕೆನಿಸುತ್ತದೆ, ಮೂರನೆಯ ದಿನ ಅದೇ ಸರಿ ಎನಿಸುತ್ತದೆ. ದೀಪ ಹೆಚ್ಚು ಕಾಲ ಬಾಳುತ್ತದೆ, ಕರೆಂಟೂ ಉಳಿಯುತ್ತದೆ. ಟೀವಿಯ ಹಿಂದೆ ಗಾಳಿಯಾಡಲು ನಾಲ್ಕು ಬೆರಳು ಜಾಗ ಬಿಡಿ. ಷೋಕೇಸಿನ ಗೂಡಿಗೆ ಅಳತೆ ಮಾಡಿಸಿ ತುರುಕಿದರೆ ಅಂದವೇನೋ ಹೌದು, ಒಳಗೆ ಬೇಯುವುದು ಟೀವಿ.

ತಾನೇ ದೀಪವಾಗಿರುವ ಪರದೆ ಓಎಲ್‌ಇಡಿ. ಕೊಡಕ್ ಕಂಪೆನಿಯ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವಾನ್ ಸ್ಲೈಕ್ 1987ರಲ್ಲಿ ಇದಕ್ಕೆ ಬುನಾದಿ ಹಾಕಿದರು. 55 ಇಂಚಿನ ಟೀವಿಯಾಗಿ ಮಾರುಕಟ್ಟೆಗೆ ಬರಲು 2013 ಆಯಿತು. ‘4ಕೆ’ ಪರದೆಯೊಂದರಲ್ಲಿ ಸುಮಾರು 83 ಲಕ್ಷ ಚುಕ್ಕೆಗಳು. ಕಪ್ಪು ಬೇಕಾದಲ್ಲಿ ಆ ಚುಕ್ಕೆ ಸುಮ್ಮನೆ ಆರಿಹೋಗುತ್ತದೆ. ಹಾಗಾಗಿ ಅಮಾವಾಸ್ಯೆಯ ಕಪ್ಪು ಅಮಾವಾಸ್ಯೆಯಂತೆಯೇ ಇರುತ್ತದೆ. ರಾತ್ರಿ ದೀಪ ಆರಿಸಿ ಒಂದು ಒಳ್ಳೆಯ ಸಿನಿಮಾ ನೋಡುವವರಿಗೆ ಇದಕ್ಕೆ ಸಾಟಿಯಿಲ್ಲ, ನನ್ನ ಮತವೂ ಅದಕ್ಕೇ. (ಪ್ಲಾಸ್ಮಾ ಎಂಬುದೂ ತಾನೇ ಬೆಳಗುವ ಜಾತಿಯೇ. 1964ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿ, ವಿಪರೀತ ಕರೆಂಟು ತಿಂದು, 2014ರ ಹೊತ್ತಿಗೆ ದೊಡ್ಡ ಕಂಪೆನಿಗಳೆಲ್ಲ ಕೈಬಿಟ್ಟು ಕಣ್ಮರೆಯಾಯಿತು.)

ಆದರೆ ಓಎಲ್‌ಇಡಿ ನಮ್ಮ ಎಲ್ಲ ಮನೆಗಳಿಗೂ ಹೊಂದುತ್ತದೆಯೇ? ಅಲ್ಲಿ ಬೆಳಗುವುದು ಸಾವಯವ ರಾಸಾಯನಿಕ, ಉರಿದಷ್ಟೂ ಸವೆಯುತ್ತದೆ. ಎಲ್ಲ ಚುಕ್ಕೆಗಳೂ ಸಮವಾಗಿ ಸವೆದರೆ ಕಣ್ಣಿಗೆ ಗೊತ್ತಾಗದು. ಆದರೆ ನಮ್ಮ ಸುದ್ದಿವಾಹಿನಿಗಳನ್ನು ನೋಡಿ: ಮೂಲೆಯಲ್ಲಿ ಸದಾ ಚಾನೆಲ್ಲಿನ ಮುದ್ರೆ, ಕೆಳಗೆ ಕಡುಗೆಂಪು ಪಟ್ಟಿ, ಅದರ ಕೆಳಗೆ ಇನ್ನೊಂದು ಪಟ್ಟಿ, ಪಕ್ಕದಲ್ಲಿ ‘ಬ್ರೇಕಿಂಗ್’ ಎಂಬ ಹಲಗೆ. ಬೆಳಗ್ಗೆ ಕಾಫಿಯಿಂದ ರಾತ್ರಿ ಊಟದವರೆಗೆ ಒಂದೇ ಸುದ್ದಿವಾಹಿನಿ ಹಚ್ಚಿಡುವ ಮನೆಯಲ್ಲಿ ಆ ಜಾಗದ ಚುಕ್ಕೆಗಳು ಬೇಗ ಮುದಿಯಾಗುತ್ತವೆ. ಆಮೇಲೆ ರಾಜಕುಮಾರರ ಸಿನಿಮಾ ಹಾಕಿದರೂ ಅವರ ಎದೆಯ ಮೇಲೆ ಸುದ್ದಿಪಟ್ಟಿಯ ನೆರಳು ಇರುತ್ತದೆ. ಇದಕ್ಕೆ ಬರ್ನ್-ಇನ್ ಎನ್ನುತ್ತಾರೆ. ಮೂಡಿದ ಮೇಲೆ ಹೋಗುವುದಿಲ್ಲ. ಮತ ಎಣಿಕೆಯ ದಿನ, ಕ್ರಿಕೆಟ್ಟಿನ ಐದು ದಿನ ನೋಡಿದ ಮಾತ್ರಕ್ಕೆ ಏನೂ ಆಗದು, ಅಪಾಯವಿರುವುದು ವರ್ಷಗಟ್ಟಲೆಯ ಅಭ್ಯಾಸದಲ್ಲಿ. ಹಗಲೆಲ್ಲ ಸುದ್ದಿ ನೋಡುವ ಹಿರಿಯರಿರುವ ಮನೆಗೆ ನಾನಂತೂ ಓಎಲ್‌ಇಡಿ ತೆಗೆದುಕೊಳ್ಳಿ ಎನ್ನುವುದಿಲ್ಲ. ಅಂಗಳದ ಬಿಸಿಲು ನೇರ ಒಳಬರುವ ನಡುಮನೆಗೂ ಅಷ್ಟೆ, ಅಲ್ಲಿ ಹೆಚ್ಚು ಪ್ರಕಾಶದ ಎಲ್‌ಇಡಿ ಅಥವಾ ಕ್ಯೂಎಲ್‌ಇಡಿಯೇ ಸರಿ.

ಇನ್ನೊಂದು ಅಭ್ಯಾಸವನ್ನು ಇಲ್ಲಿ ಹೇಳಲೇಬೇಕು. ರಾತ್ರಿ ಮಲಗುವ ಮುಂಚೆ ಗೋಡೆಯ ಸ್ವಿಚ್ಚು ಆರಿಸುವುದು ನಮ್ಮ ಹಿರಿಯರು ಕಲಿಸಿದ ಶಿಸ್ತು. ಓಎಲ್‌ಇಡಿಯ ಮಟ್ಟಿಗೆ ಈ ಶಿಸ್ತೇ ಶತ್ರು. ಕೆಲವು ಗಂಟೆ ಓಡಿದ ಮೇಲೆ ರಿಮೋಟಿನಿಂದ ಆರಿಸಿದಾಗ ಟೀವಿ ಕತ್ತಲಲ್ಲೇ ಎಚ್ಚರವಿದ್ದು, ಯಾವ ಚುಕ್ಕೆ ಎಷ್ಟು ಸವೆದಿದೆ ಎಂದು ಅಳೆದು ಸರಿದೂಗಿಸಿಕೊಳ್ಳುತ್ತದೆ. ರಿಮೋಟ್ ಒತ್ತಿದ ತಕ್ಷಣ ಗೋಡೆಯ ಸ್ವಿಚ್ಚನ್ನೂ ಆರಿಸಿದರೆ ಆ ಕೆಲಸ ನಡೆಯುವುದೇ ಇಲ್ಲ. ಕನಿಷ್ಠ ಕಾಲು ಗಂಟೆ ಬಿಟ್ಟು ಆರಿಸಿ. ಆರಿಸದೆ ಬಿಟ್ಟರೂ ನಷ್ಟವಿಲ್ಲ, ಈಗಿನ ಟೀವಿಗಳು ಆ ಸ್ಥಿತಿಯಲ್ಲಿ ತಿನ್ನುವುದು ಸುಮಾರು ಅರ್ಧ ವ್ಯಾಟ್, ತಿಂಗಳಿಗೆ ಅರ್ಧ ಯೂನಿಟ್ಟೂ ಆಗದು. ಸುಮ್ಮನೆ ಕರೆಂಟು ನುಂಗುವುದು ಪಕ್ಕದಲ್ಲಿರುವ ಸೆಟ್‌ಟಾಪ್ ಬಾಕ್ಸು. ಅದನ್ನು ಬೇಕಾದರೆ ಧಾರಾಳವಾಗಿ ಆರಿಸಿ.

ಆದರೆ ಗುಡುಗು ಮಿಂಚಿನ ಸಂಜೆ ಈ ಯಾವ ಲೆಕ್ಕವೂ ಬೇಡ. ಮಲೆನಾಡಿನವರಿಗೆ, ಕರಾವಳಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಅದಕ್ಕಿಂತ ಮುಖ್ಯವಾಗಿ ಡಿಶ್ಶಿನ ಅಥವಾ ಕೇಬಲ್ಲಿನ ತಂತಿಯನ್ನೂ ಕೀಳಬೇಕು. ಎಷ್ಟೋ ಟೀವಿಗಳು ಸತ್ತಿರುವುದು ಕರೆಂಟಿನ ದಾರಿಯಿಂದಲ್ಲ, ಮಾಳಿಗೆಯ ಡಿಶ್ಶಿನಿಂದ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ತಂತಿಗೆ ಇಳಿದ ಮಿಂಚಿನಿಂದ. ವೋಲ್ಟೇಜು ಕಡಿಮೆಯಾದರೆ ಈಗಿನ ಟೀವಿಗಳಿಗೆ ಚಿಂತೆಯಿಲ್ಲ. ಹಿಂಭಾಗದ ಚೀಟಿಯಲ್ಲಿ 100-240 ವೋಲ್ಟ್ ಎಂದು ಬರೆದಿದ್ದರೆ ಅದಕ್ಕೆಂದೇ ಸ್ಟೆಬಿಲೈಸರ್ ಬೇಕಿಲ್ಲ. ಭಯವಿರುವುದು ಬೀದಿಯ ಕಂಬದಲ್ಲಿ ನ್ಯೂಟ್ರಲ್ ತಂತಿ ಕಡಿದಾಗ. ಆಗ 230 ಬರಬೇಕಾದ ಮನೆಗೆ 400ರ ಸಮೀಪ ನುಗ್ಗಬಹುದು. ಹಳ್ಳಿಯ ಕಡೆ ಒಂದು ಸಾಲಿನ ಮನೆಗಳ ಟೀವಿ, ಫ್ಯಾನು, ಬಲ್ಬು ಒಟ್ಟಿಗೇ ಸುಡುವುದು ಹೀಗೆ. ಹೆಚ್ಚು ವೋಲ್ಟೇಜು ಬಂದೊಡನೆ ಕಡಿತ ಮಾಡುವ ಸಾಧನವೊಂದನ್ನು ಮನೆಯ ಮೇನ್‌ಬೋರ್ಡಿನಲ್ಲಿ ಹಾಕಿಸುವುದು, ಅರ್ತಿಂಗ್ ಸರಿಯಿದೆಯೇ ಎಂದು ವೈರಿಂಗ್‌ನವನಿಂದ ನೋಡಿಸುವುದು ಒಳ್ಳೆಯದು.

ಇನ್ನು ಒರೆಸುವ ವಿಧಾನ. ಟೀವಿ ಆರಿಸಿ, ತಣ್ಣಗಾಗಲು ಬಿಡಿ. ಕಪ್ಪು ಪರದೆಯಲ್ಲಿ ಧೂಳು ಚೆನ್ನಾಗಿ ಕಾಣುತ್ತದೆ. ಕನ್ನಡಕ ಒರೆಸಲು ಕೊಡುತ್ತಾರಲ್ಲ, ಆ ಜಾತಿಯ ಮೈಕ್ರೋಫೈಬರ್ ಬಟ್ಟೆಯ ದೊಡ್ಡ ತುಂಡು ಸಿಗುತ್ತದೆ. ಅದು ಒಣಗಿರಲಿ, ಬೇರೆ ಯಾವುದಕ್ಕೂ ಬಳಸದ್ದಿರಲಿ. ಹಗುರ ಕೈಯಿಂದ ಒಂದೇ ದಿಕ್ಕಿಗೆ ಒರೆಸಿ. ಹತ್ತರಲ್ಲಿ ಒಂಬತ್ತು ಸಲ ಇಷ್ಟೇ ಸಾಕು. ಮಗು ಬಿಸ್ಕತ್ತಿನ ಕೈ ಇಟ್ಟಿದ್ದರೆ, ಒಗ್ಗರಣೆಯ ಜಿಡ್ಡು, ಊದುಬತ್ತಿಯ ಹೊಗೆ ಕೂತಿದ್ದರೆ, ಬಟ್ಟೆಯ ಒಂದು ಮೂಲೆಗೆ ಡಿಸ್ಟಿಲ್ಡ್ ವಾಟರ್ ಅಥವಾ ಆರ್‌ಓ ಫಿಲ್ಟರಿನ ನೀರು ನಾಲ್ಕು ಹನಿ ಹಾಕಿ, ಆ ಜಾಗ ಮಾತ್ರ ಒರೆಸಿ, ಕೂಡಲೇ ಒಣಭಾಗದಿಂದ ಒತ್ತಿ ತೆಗೆಯಿರಿ. ನೀರು ಬಟ್ಟೆಗೆ, ಎಂದೂ ಪರದೆಗಲ್ಲ. ಕಿಟಕಿ ಗಾಜಿಗೆ ಚಿಮುಕಿಸುವ ನೀಲಿ ದ್ರವ, ಸ್ಯಾನಿಟೈಸರು, ಸ್ಪಿರಿಟ್ಟು, ನಿಂಬೆಹುಳಿ, ಪಾತ್ರೆಯ ಸೋಪು ಇವೆಲ್ಲ ಹಾಳೆಯ ಮೇಲಿನ ಲೇಪವನ್ನು ತಿನ್ನುತ್ತವೆ. ಲೇಪ ಎದ್ದ ಜಾಗ ದೀಪದ ಬೆಳಕಿನಲ್ಲಿ ತೊನ್ನಿನಂತೆ ಕಾಣುತ್ತದೆ, ಅದಕ್ಕೆ ಮದ್ದಿಲ್ಲ. ಕಾಗದದ ಟಿಶ್ಯೂ, ಒರಟು ಟವೆಲ್ಲು ಕೂಡ ಬೇಡ, ಗೀರು ಬೀಳುತ್ತದೆ. ಪೂಜೆಯ ಕುಂಕುಮವನ್ನು ಚೌಕಟ್ಟಿಗೋ ಸ್ಟ್ಯಾಂಡಿಗೋ ಇಡಿ, ಯಾವ ದೇವರೂ ಬೇಸರ ಮಾಡಿಕೊಳ್ಳುವುದಿಲ್ಲ. ಹಿಂಭಾಗದ ಗಾಳಿಕಿಂಡಿಗಳ ಧೂಳನ್ನು ಮೆತ್ತನೆಯ ಕುಂಚದಿಂದ ತೆಗೆಯಿರಿ. ಅಲ್ಲಿಂದಲೇ ಹಲ್ಲಿ, ಜಿರಲೆ ಒಳಗೆ ಹೋಗಿ ಬೆಚ್ಚಗೆ ಮಲಗುವುದು, ತಾವೂ ಸತ್ತು ಸರ್ಕ್ಯೂಟನ್ನೂ ಸಾಯಿಸುವುದು.

ಮನೆ ಬದಲಾಯಿಸುವಾಗ ಟೀವಿಯನ್ನು ಹಾಸಿಗೆಯ ಮೇಲೆ ಅಂಗಾತ ಮಲಗಿಸಿ ಸಾಗಿಸಿದರೆ ನಡುವಿಗೆ ಬೀರು ಬೀಳುವುದು ಸಾಮಾನ್ಯ. ನಿಲ್ಲಿಸಿಯೇ ಒಯ್ಯಬೇಕು, ಇಬ್ಬರು ಅಂಚು ಹಿಡಿಯಬೇಕು, ಹೆಬ್ಬೆರಳು ಪರದೆಯ ಮೇಲೆ ಊರಬಾರದು. ಪೆಟ್ಟಿಗೆ, ಥರ್ಮೋಕೋಲು ಅಟ್ಟದ ಮೇಲೆ ಜಾಗ ತಿನ್ನುತ್ತವೆ ಎಂದು ಬಿಸಾಡಬೇಡಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ದೊಡ್ಡ ಟೀವಿಯನ್ನು ಎರಡು ಸಣ್ಣ ಕಾಲುಗಳ ಮೇಲೆ ಮೇಜಿನ ಅಂಚಿಗೆ ನಿಲ್ಲಿಸುವುದೂ ಬೇಡ. ಮಗು ಎಳೆದರೆ ಮೈಮೇಲೆ ಬೀಳುತ್ತದೆ. ಗೋಡೆಗೇ ಬಿಗಿಸಿ. ಮಳೆಗಾಲದಲ್ಲಿ ಒಸರುವ ಹೊರಗೋಡೆ ಮಾತ್ರ ಆಗದು.

ಅಟ್ಟದ ಮೇಲೆ ಇನ್ನೂ ಹಳೆಯ ದಪ್ಪ ಟೀವಿ ಇರುವವರಿಗೆ ಒಂದು ಮಾತು. ಅದನ್ನು ಬಿಚ್ಚಲು ಹೋಗಬೇಡಿ, ಪ್ಲಗ್ಗು ಕಿತ್ತ ಮೇಲೂ ನಳಿಕೆಯಲ್ಲಿ ವಿದ್ಯುತ್ತು ಉಳಿದಿರುತ್ತದೆ. ಆ ಗಾಜಿನಲ್ಲಿ ಸೀಸವಿದೆ, ದೊಡ್ಡ ಸೆಟ್ಟಿನಲ್ಲಿ ಕಿಲೋ ಲೆಕ್ಕದಲ್ಲಿ. ಬೀದಿಯ ಗುಜರಿಗೆ ಕೊಟ್ಟರೆ ಕುತ್ತಿಗೆಯ ತಾಮ್ರದ ಸುರುಳಿಯನ್ನು ಕಿತ್ತುಕೊಂಡು ಗಾಜನ್ನು ಕೆರೆಯ ದಂಡೆಗೋ ಖಾಲಿ ಸೈಟಿಗೋ ಒಡೆದು ಹಾಕುತ್ತಾರೆ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದ ಪ್ರಕಾರ ಇದು ನೋಂದಾಯಿತ ಮರುಬಳಕೆ ಘಟಕಕ್ಕೇ ಹೋಗಬೇಕು. ಹೊಸ ಟೀವಿ ಕೊಳ್ಳುವ ಅಂಗಡಿಯಲ್ಲೇ ಹಳೆಯದನ್ನು ಕೊಡುವುದಾದರೆ, ಅದು ಯಾವ ಘಟಕಕ್ಕೆ ಹೋಗುತ್ತದೆ ಎಂದು ಕೇಳಿ ರಸೀದಿಯಲ್ಲಿ ಬರೆಸಿಕೊಳ್ಳಿ.